ಕೆರೆಯ ಶಾಸನವೂ ಮೋಡದ ಬಿತ್ತನೆಯೂ

ಕೋಲಾರ ಸೀಮೆಯಲ್ಲಿ ಜೀವನದಿಯಿಲ್ಲ. ಕೆರೆಗಳೇ ಅದಕ್ಕೆ ಆಧಾರ. ಚಿನ್ನದ ಗಣಿಗಳಿಗೆ ಸಮೀಪವಾಗಿ, ಬಹುಕಾಲ ಬಂಗಾರಪೇಟೆಯ ತಾಲ್ಲೂಕಿಗೆ ಸೇರಿದ್ದ ಬೇತಮಂಗಲವು ಪೂರ್ವದಲ್ಲಿ ವಿಜಯಾದಿತ್ಯಮಂಗಲವೆನಿಸಿದ್ದಿತು. ಒಡೆದುಹೋಗಿದ್ದ ಅಲ್ಲಿಯ ಕೆರೆಯನ್ನು ಹತ್ತನೆಯ ಶತಮಾನದಲ್ಲಿ ನೊಳಂಬ ಅರಸನು ಜೀರ್ಣೋದ್ಧಾರ ಮಾಡಿಸಿದನೆಂದು ಶಾಸನದಿಂದ ತಿಳಿದುಬರುವುದು. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಗಣಿಗಳ ಊರಿಗೆ ನೀರೊದಗಿದುದೂ ಈ ಕೆರೆಯಿಂದಲೇ. ಗಣಿಗಳು 2001ರಲ್ಲಿ ಮುಚ್ಚಿದುವು. ನೀರಿನ ಚಿಂತೆಯು ಮಾತ್ರ ಉಳಿಯಿತು.

ಪ್ರಾಚೀನ ರಾಜನೀತಿಯು ಮಳೆಯನ್ನು ಅಳೆಯುವುದನ್ನೂ ಬಿದ್ದ ನೀರನ್ನು ಹಿಡಿದಿಡುವುದನ್ನೂ ರಾಜಧರ್ಮವೆಂದೆಣಿಸಿದ್ದಿತು. ಕೌಟಿಲ್ಯನು ಹೊಸ ಕೆರೆಯನ್ನು ಕಟ್ಟಿದವರಿಗೆ 5 ವರ್ಷವೂ ಹಾಳಾದುದನ್ನು ಉದ್ಧರಿಸಿದವರಿಗೆ 4 ವರ್ಷವೂ ಕರವಿನಾಯಿತಿಯನ್ನು ವಿಧಿಸಿರುವನು. ಮಳೆಯನ್ನೇ ಬರಿಸುವ ಯತ್ನವಾದರೋ ಈಚಿನದು. 1946ರಲ್ಲಿ ಅಮೆರಿಕದ ಷೇಫರ್, ವಾನೆಗಟ್ ಎಂಬ ವಿಜ್ಞಾನಿಗಳು ಮೋಡದಲ್ಲಿ ಹಿಮಕಣಗಳನ್ನು ಉಂಟುಮಾಡುವ ಬಗೆಯನ್ನು ಕಂಡುಕೊಂಡರು. ಕರ್ನಾಟಕ ಸರ್ಕಾರವು 2003ರಲ್ಲಿ ‘ವರುಣ’ವೆಂಬ ಹೆಸರಿನಿಂದಲೂ 2017ರಲ್ಲಿ ‘ವರ್ಷಧಾರೆ’ಯೆಂಬ ಹೆಸರಿನಿಂದಲೂ ವಿಮಾನಗಳ ಮೂಲಕ ಮೋಡ ಬಿತ್ತನೆ ನಡೆಯಿಸಿತು. ಸರ್ಕಾರದ ದೃಷ್ಟಿಯಲ್ಲಿ ಇದು ಪ್ರಧಾನವಾಗಿ ಬರಪರಿಹಾರವೇ ಆಗಿದ್ದಿತು. ಪರೀಕ್ಷೆಗೊಳಪಡಬೇಕಾದ ವಿದ್ಯೆಯೆಂಬ ಭಾವವು ಹಿಂದೆ ಬಿದ್ದಿತು. ಪರೀಕ್ಷೆಯನ್ನು ಕೈಕೊಂಡುದು ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ. ಅದು ಸೊಲ್ಲಾಪುರದಲ್ಲಿ ನಡೆಸಿ 2023ರಲ್ಲಿ ಪ್ರಕಟಿಸಿದ ಪ್ರಯೋಗದಂತೆ, ತಕ್ಕ ಮೋಡಗಳಿದ್ದಲ್ಲಿ ಸರಾಸರಿ ಶೇಕಡ 18ರಷ್ಟು ಮಳೆ ಹೆಚ್ಚಿದ್ದಿತು. ಮೋಡವಿಲ್ಲದ ಆಕಾಶದಲ್ಲಿ ಈ ಉಪಾಯವು ನಿಷ್ಫಲವೇ ಸರಿ.

ಸೂರ್ಯನ ತಾಪವನ್ನೇ ತಗ್ಗಿಸಲು ಮೇಲಣ ವಾಯುಮಂಡಲದಲ್ಲಿ ಗಂಧಕದ ಕಣಗಳನ್ನು ಹರಡಬೇಕೆಂಬ ಆಲೋಚನೆಯು ಇದಕ್ಕಿಂತಲೂ ಬಹಳ ದೊಡ್ಡದು; ಅದರಿಂದ ಒಂದು ತಾಲ್ಲೂಕಿನ ಮೋಡಕ್ಕಲ್ಲ, ಮುಂಗಾರಿಗೇ ಬಾಧೆಯುಂಟಾಗಬಹುದು. ಇಂತಹ ವಿಷಯಗಳಲ್ಲಿ ರಾಷ್ಟ್ರಗಳ ನಡೆಯು ಏಕರೂಪವಾಗಿಲ್ಲ. ವಿಯೆಟ್ನಾಮಿನ ಯುದ್ಧದಲ್ಲಿ ಅಮೆರಿಕವು ಮೋಡ ಬಿತ್ತನೆಯನ್ನು ಆಯುಧವಾಗಿ ಬಳಸಿದ ಬಳಿಕ, ಪ್ರಕೃತಿಯನ್ನು ವೈರಸಾಧನೆಗೆ ಮಾರ್ಪಡಿಸಬಾರದೆಂದು 1976ರಲ್ಲಿ ಒಪ್ಪಂದವಾಯಿತು. 1978ರಲ್ಲಿ ಭಾರತವೂ ಅದಕ್ಕೆ ಸೇರಿತು. ಆದರೆ ಹಿತಬುದ್ಧಿಯಿಂದ ಮಾಡುವ ಕಾರ್ಯಕ್ಕೆ ಅದರಲ್ಲಿ ತಡೆಯಿಲ್ಲ. 2010ರಲ್ಲಿ ನಗೋಯದ ಜೀವವೈವಿಧ್ಯ ಸಮ್ಮೇಳನವು ಎಚ್ಚರಿಕೆಯನ್ನು ವಿಧಿಸಿತು. 2024ರಲ್ಲಿ ನೈರೋಬಿಯ ವಿಶ್ವಸಂಸ್ಥೆಯ ಪರಿಸರ ಸಭೆಯಲ್ಲಿ ಸೂರ್ಯತಾಪದ ವಿಷಯವಾಗಿ ಒಮ್ಮತವೇ ಮೂಡಲಿಲ್ಲ.

ಹೀಗೆ ವೈರಕ್ಕೆ ನಿಷೇಧವುಂಟು, ಹೊಣೆಗೆ ವಿಧಿಯಿಲ್ಲ. ಬೇತಮಂಗಲದ ಕೆರೆಯನ್ನು ಉದ್ಧರಿಸಿದವನ ಹೆಸರು ಕಲ್ಲಿನಲ್ಲಿ ನಿಂತಿದೆ. ಆಕಾಶದಲ್ಲಿ ಕೈಯಿಡುವ ಸರ್ಕಾರವು ಅದಕ್ಕೆ ಮೊದಲು ಫಲವನ್ನು ಅಳೆಯುವವರಾರು, ಕೇಡಾದರೆ ಉತ್ತರ ಹೇಳುವವರಾರು ಎಂಬುದನ್ನು ಅಷ್ಟೇ ಸ್ಪಷ್ಟವಾಗಿ ಬರೆದಿಡುವುದು ಯುಕ್ತ.