ಉದ್ಯಮ ತರಬೇತಿ ವರ್ಷ ಸಹಿತ ಸಿವಿಲ್ ಎಂಜಿನಿಯರಿಂಗ್ ಪದವಿ (ಬ್ರಿಟನ್)

ಉದ್ಯಮ ತರಬೇತಿ ವರ್ಷ ಸಹಿತ ಸಿವಿಲ್ ಎಂಜಿನಿಯರಿಂಗ್ ಪದವಿ ಎಂಬುದು ಬ್ರಿಟನ್ನಿನ ಹಲವು ವಿಶ್ವವಿದ್ಯಾಲಯಗಳಲ್ಲಿರುವ ಒಂದು ವ್ಯಾಸಂಗ ಕ್ರಮ. ಇದನ್ನು ಆರಿಸಿಕೊಂಡ ವಿದ್ಯಾರ್ಥಿಗಳು ಓದಿನ ನಡುವೆ ಸುಮಾರು ಒಂದು ವರ್ಷ ತರಗತಿಯಿಂದ ಹೊರಗಿದ್ದು, ನಿರ್ಮಾಣ ಕಂಪನಿಯಲ್ಲೋ ವಿನ್ಯಾಸ ಕಚೇರಿಯಲ್ಲೋ ಸಾರ್ವಜನಿಕ ಸಂಸ್ಥೆಯಲ್ಲೋ ಸಂಬಳ ಪಡೆದು ಕೆಲಸ ಮಾಡುತ್ತಾರೆ. ಅನಂತರ ಉಳಿದ ಓದಿಗೆ ಹಿಂದಿರುಗುತ್ತಾರೆ. ಓದಿನ ಎರಡು ಭಾಗಗಳ ನಡುವೆ ಕೆಲಸದ ಭಾಗ ಸೇರಿರುವುದರಿಂದ ಇದಕ್ಕೆ ಸ್ಯಾಂಡ್‌ವಿಚ್ ಕೋರ್ಸ್ ಎಂಬ ಹೆಸರು ಬಂದಿದೆ. ಹೆಚ್ಚಿನ ಕಡೆ ಈ ವರ್ಷ ಐಚ್ಛಿಕ. ಅದನ್ನು ಬಿಟ್ಟು ನೇರವಾಗಿ ಪದವಿ ಮುಗಿಸುವುದಕ್ಕೂ ಅವಕಾಶವಿದೆ.

ಈ ವರ್ಷವನ್ನು ಬ್ರಿಟನ್ನಿನಲ್ಲಿ 'ಪ್ಲೇಸ್‌ಮೆಂಟ್ ವರ್ಷ' ಎನ್ನುತ್ತಾರೆ. ಕರ್ನಾಟಕದ ಕಾಲೇಜುಗಳಲ್ಲಿ ಪ್ಲೇಸ್‌ಮೆಂಟ್ ಎಂದರೆ ಓದು ಮುಗಿಯುವ ಹೊತ್ತಿಗೆ ಕ್ಯಾಂಪಸ್ ಸಂದರ್ಶನದ ಮೂಲಕ ಸಿಗುವ ಕಾಯಂ ಉದ್ಯೋಗ ಎಂಬ ಅರ್ಥ ರೂಢಿಯಲ್ಲಿದೆ. ಇವೆರಡೂ ಬೇರೆ ಬೇರೆ. ಬ್ರಿಟನ್ನಿನ ಪ್ಲೇಸ್‌ಮೆಂಟ್ ಪದವಿಯ ಒಂದು ಅಂಗವಾದ ತಾತ್ಕಾಲಿಕ ಕೆಲಸವೇ ಹೊರತು ನೌಕರಿಯ ಭರವಸೆಯಲ್ಲ.

ಹಿನ್ನೆಲೆ

ಸಿವಿಲ್ ಎಂಜಿನಿಯರಿಂಗನ್ನು ಶಾಲೆಯಲ್ಲಿ ಕಲಿಯಬೇಕೇ, ಕಾಮಗಾರಿಯ ಸ್ಥಳದಲ್ಲಿ ಕಲಿಯಬೇಕೇ ಎಂಬ ಪ್ರಶ್ನೆ ಈ ಪದವಿಗಿಂತ ಬಹಳ ಹಳೆಯದು. ಫ್ರಾನ್ಸ್ 1747ರಲ್ಲಿಯೇ ಸೇತುವೆ ಮತ್ತು ರಸ್ತೆಗಳ ಎಂಜಿನಿಯರುಗಳಿಗಾಗಿ ಪ್ಯಾರಿಸ್‌ನಲ್ಲಿ ಶಾಲೆಯನ್ನು ಸ್ಥಾಪಿಸಿ ಮೊದಲನೆಯ ದಾರಿಯನ್ನು ಹಿಡಿಯಿತು. ಬ್ರಿಟನ್ ಬಹುಕಾಲ ಎರಡನೆಯದನ್ನೇ ನಂಬಿತ್ತು. ಅಲ್ಲಿ ಎಂಜಿನಿಯರ್ ಆಗಬಯಸುವ ಯುವಕನ ಕುಟುಂಬದವರು ಅನುಭವಿ ಎಂಜಿನಿಯರ್ ಒಬ್ಬರಿಗೆ ಹಣ ಕೊಟ್ಟು ಅವನನ್ನು ಶಿಷ್ಯನಾಗಿ ಸೇರಿಸುತ್ತಿದ್ದರು. ಆತ ನಕ್ಷೆಗಳನ್ನು ಪ್ರತಿ ಮಾಡುತ್ತ, ಮೋಜಣಿಗೆ ಹೋಗುತ್ತ, ಕಾಲುವೆ ಅಥವಾ ರೈಲುಮಾರ್ಗದ ಕಾಮಗಾರಿಯ ಮೇಲ್ವಿಚಾರಣೆಯಲ್ಲಿ ನೆರವಾಗುತ್ತ ವರ್ಷಗಟ್ಟಲೆ ಕಲಿಯುತ್ತಿದ್ದ. ತನ್ನನ್ನು 'ಸಿವಿಲ್ ಎಂಜಿನಿಯರ್' ಎಂದು ಕರೆದುಕೊಂಡವರಲ್ಲಿ ಮೊದಲಿಗನೆನಿಸಿದ ಜಾನ್ ಸ್ಮೀಟನ್ ವಿಶ್ವವಿದ್ಯಾಲಯದಲ್ಲಿ ಓದಿದವನಲ್ಲ. 1818ರಲ್ಲಿ ಲಂಡನ್ನಿನ ಕಾಫಿ ಅಂಗಡಿಯೊಂದರಲ್ಲಿ ಕೆಲವು ಯುವ ಎಂಜಿನಿಯರುಗಳು ಸೇರಿ ಕಟ್ಟಿದ ಇನ್‌ಸ್ಟಿಟ್ಯೂಷನ್ ಆಫ್ ಸಿವಿಲ್ ಎಂಜಿನಿಯರ್ಸ್ (ಐಸಿಇ) ಸಂಸ್ಥೆಗೆ 1820ರಲ್ಲಿ ಮೊದಲ ಅಧ್ಯಕ್ಷನಾದ ಥಾಮಸ್ ಟೆಲ್ಫರ್ಡ್ ಕಲ್ಲುಕುಟಿಗನಾಗಿ ಬದುಕು ಆರಂಭಿಸಿದವನು.

ವಿಶ್ವವಿದ್ಯಾಲಯಗಳು ಈ ಕ್ಷೇತ್ರಕ್ಕೆ ಬಂದದ್ದು ತಡವಾಗಿ. ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ 1838ರಲ್ಲಿ ಸಿವಿಲ್ ಎಂಜಿನಿಯರಿಂಗ್ ತರಗತಿ ಆರಂಭವಾಯಿತು. 1840ರಲ್ಲಿ ಗ್ಲಾಸ್ಗೊದಲ್ಲಿಯೂ 1841ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿಯೂ ಪ್ರಾಧ್ಯಾಪಕ ಪೀಠಗಳು ಸ್ಥಾಪನೆಯಾದವು. ಆದರೂ ಪದವಿಯೊಂದನ್ನೇ ನೆಚ್ಚಿ ಎಂಜಿನಿಯರನ್ನು ಒಪ್ಪಿಕೊಳ್ಳಲು ವೃತ್ತಿಯ ಹಿರಿಯರು ಹಿಂಜರಿಯುತ್ತಿದ್ದರು. ಐಸಿಇ ತನ್ನ ಸದಸ್ಯತ್ವಕ್ಕೆ ಲಿಖಿತ ಪರೀಕ್ಷೆಯನ್ನು ತಂದದ್ದು 1897ರಲ್ಲಿ.

ಓದು ಮತ್ತು ಕೆಲಸವನ್ನು ಒಂದೇ ವ್ಯಾಸಂಗದೊಳಗೆ ಹೆಣೆಯುವ ಸ್ಯಾಂಡ್‌ವಿಚ್ ಕ್ರಮ ಸಂಡರ್ಲೆಂಡ್ ತಾಂತ್ರಿಕ ಕಾಲೇಜಿನಲ್ಲಿ 1903ರಲ್ಲಿ ಕಾಣಿಸಿಕೊಂಡಿತು. ಅಮೆರಿಕದಲ್ಲಿ ಹರ್ಮನ್ ಶ್ನೈಡರ್ 1906ರಲ್ಲಿ ಸಿನ್ಸಿನಾಟಿ ವಿಶ್ವವಿದ್ಯಾಲಯದಲ್ಲಿ ಇಂಥದೇ 'ಸಹಕಾರಿ ಶಿಕ್ಷಣ'ವನ್ನು ಆರಂಭಿಸಿದನು. ಬ್ರಿಟನ್ನಿನಲ್ಲಿ ಈ ಕ್ರಮ ಬೇರುಬಿಟ್ಟದ್ದು ಎರಡನೆಯ ಮಹಾಯುದ್ಧದ ನಂತರ. 1955ರಲ್ಲಿ ಸ್ಥಾಪನೆಯಾದ ತಾಂತ್ರಿಕ ಪ್ರಶಸ್ತಿಗಳ ರಾಷ್ಟ್ರೀಯ ಮಂಡಳಿ ತನ್ನ ಡಿಪ್ಲೊಮಾಕ್ಕೆ ಉದ್ಯಮ ತರಬೇತಿಯನ್ನು ಅಗತ್ಯವೆಂದು ಪರಿಗಣಿಸಿತು. 1956ರಿಂದ ರೂಪುಗೊಂಡ ಉನ್ನತ ತಂತ್ರಜ್ಞಾನ ಕಾಲೇಜುಗಳು ಈ ಮಾದರಿಯನ್ನು ಬೆಳೆಸಿದವು. ರಾಬಿನ್ಸ್ ಸಮಿತಿಯ 1963ರ ವರದಿಯ ಬಳಿಕ ಇವುಗಳಿಗೆ ವಿಶ್ವವಿದ್ಯಾಲಯದ ಸ್ಥಾನ ದೊರೆಯಿತು. ಲಫ್ಬರೊ, ಬಾತ್, ಸರ್ರೆ, ಬ್ರೂನೆಲ್, ಬ್ರ್ಯಾಡ್‌ಫರ್ಡ್ ಮೊದಲಾದವು ಹೀಗೆ ಹುಟ್ಟಿದವು. ಇವುಗಳಲ್ಲಿ ಹಲವು ಇಂದಿಗೂ ತರಬೇತಿ ವರ್ಷಕ್ಕೆ ಹೆಸರಾಗಿರುವುದಕ್ಕೆ ಈ ಹಿನ್ನೆಲೆಯೇ ಕಾರಣ.

ಪದವಿಯ ರಚನೆ

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಬಿ.ಎಂಜ್. ಪದವಿ ಮೂರು ವರ್ಷಗಳದು. ಅದಕ್ಕಿಂತ ಉನ್ನತವಾದ ಸಂಯುಕ್ತ ಪದವಿ ಎಂ.ಎಂಜ್. ನಾಲ್ಕು ವರ್ಷಗಳದು. ತರಬೇತಿ ವರ್ಷ ಸೇರಿದರೆ ಇವು ಕ್ರಮವಾಗಿ ನಾಲ್ಕು ಮತ್ತು ಐದು ವರ್ಷಗಳಾಗುತ್ತವೆ. ಸ್ಕಾಟ್ಲೆಂಡಿನಲ್ಲಿ ಸಾಮಾನ್ಯವಾಗಿ ಇನ್ನೊಂದು ವರ್ಷ ಹೆಚ್ಚು. ಕೆಲಸದ ವರ್ಷ ಬಹುತೇಕ ಎರಡನೆಯ ವರ್ಷದ ನಂತರ ಬರುತ್ತದೆ, ಎಂ.ಎಂಜ್. ವಿದ್ಯಾರ್ಥಿಗಳು ಕೆಲವೆಡೆ ಮೂರನೆಯ ವರ್ಷದ ನಂತರ ಹೋಗುವುದುಂಟು. ಒಂದೇ ದೀರ್ಘ ಅವಧಿಯ ಬದಲು ಸುಮಾರು ಆರು ತಿಂಗಳ ಎರಡು ಅವಧಿಗಳಿರುವ 'ತೆಳು ಸ್ಯಾಂಡ್‌ವಿಚ್' ಮಾದರಿಯೂ ಇದೆ.

ಮೊದಲ ಎರಡು ವರ್ಷಗಳಲ್ಲಿ ಗಣಿತ, ರಚನಾ ಯಂತ್ರಶಾಸ್ತ್ರ, ಮಣ್ಣಿನ ಯಂತ್ರಶಾಸ್ತ್ರ, ದ್ರವಚಲನೆ, ಭೂವಿಜ್ಞಾನ, ನಿರ್ಮಾಣ ಸಾಮಗ್ರಿಗಳು ಮತ್ತು ಮೋಜಣಿಯನ್ನು ಕಲಿಸಲಾಗುತ್ತದೆ. ಕಾಂಕ್ರೀಟ್ ಮತ್ತು ಉಕ್ಕಿನ ವಿನ್ಯಾಸ 2010ರಿಂದ ಯೂರೋಕೋಡ್ ಸಂಹಿತೆಗಳನ್ನು ಅನುಸರಿಸುತ್ತದೆ. ಭಾರತದ ಐಎಸ್ 456ಕ್ಕೆ ಒಗ್ಗಿದವರಿಗೆ ಇಲ್ಲಿ ಮೊದಮೊದಲು ಸಂಕೇತಗಳೇ ಗೊಂದಲವೆನಿಸಬಹುದು. ಭಾರತದಲ್ಲಿ ಎಂ25 ಎಂದರೆ ಘನಾಕಾರದ ಮಾದರಿಯ ಬಲ. ಬ್ರಿಟನ್ನಿನ ಸಿ32/40 ಎಂಬ ಗುರುತಿನಲ್ಲಿ ಮೊದಲ ಸಂಖ್ಯೆ ಸಿಲಿಂಡರ್ ಮಾದರಿಯದು, ಎರಡನೆಯದು ಘನದ್ದು.

ತರಬೇತಿಯ ವರ್ಷ

ಕೆಲಸ ಎಲ್ಲಿ ಸಿಗುತ್ತದೆ ಎಂಬುದರ ಮೇಲೆ ಆ ವರ್ಷದ ಸ್ವರೂಪವೇ ಬದಲಾಗುತ್ತದೆ. ಗುತ್ತಿಗೆದಾರ ಕಂಪನಿಗೆ ಸೇರಿದವರು ಹೆಚ್ಚಾಗಿ ಕಾಮಗಾರಿಯ ಸ್ಥಳದಲ್ಲಿ ಕಿರಿಯ ಎಂಜಿನಿಯರ್ ಆಗಿರುತ್ತಾರೆ. ಅವರ ಮೊದಲ ಹೊಣೆ ಸಾಮಾನ್ಯವಾಗಿ ನಕ್ಷೆಯಲ್ಲಿರುವ ರೇಖೆಗಳನ್ನು ಟೋಟಲ್ ಸ್ಟೇಷನ್ ನೆರವಿನಿಂದ ನೆಲದ ಮೇಲೆ ಗುರುತಿಸುವುದು. ತರಗತಿಯಲ್ಲಿ ಇದು ಒಂದು ಮಧ್ಯಾಹ್ನದ ಪ್ರಯೋಗ. ಸ್ಥಳದಲ್ಲಿ ಮಾತ್ರ, ಬುನಾದಿಯೊಳಗೆ ಹೂಳುವ ಬೋಲ್ಟುಗಳು ಇಪ್ಪತ್ತು ಮಿಲಿಮೀಟರ್ ಆಚೀಚೆಯಾದರೂ ವಾರಗಳ ನಂತರ ಬರುವ ಉಕ್ಕಿನ ಕಂಬದ ತಳಫಲಕ ಅವುಗಳ ಮೇಲೆ ಕೂರದಿರಬಹುದು. ಒಂದು ಗುರುತನ್ನು ಬೇರೊಂದು ಬಿಂದುವಿನಿಂದ ಮತ್ತೊಮ್ಮೆ ಅಳೆದು ತಾಳೆ ನೋಡುವ ಅಭ್ಯಾಸ ಇಲ್ಲಿಯೇ ಬರುತ್ತದೆ.

ಕಾಂಕ್ರೀಟಿನ ವಿಷಯವೂ ಹಾಗೆಯೇ. ಮುನ್ನೂರು ಮಿಲಿಮೀಟರ್ ಎತ್ತರದ ಶಂಕುವಿನಲ್ಲಿ ಹಸಿ ಕಾಂಕ್ರೀಟನ್ನು ತುಂಬಿ, ಶಂಕುವನ್ನು ಎತ್ತಿ, ಅದು ಎಷ್ಟು ಕುಸಿಯಿತೆಂದು ಅಳೆಯುವ ಸ್ಲಂಪ್ ಪರೀಕ್ಷೆ ಎಲ್ಲ ಸಿವಿಲ್ ವಿದ್ಯಾರ್ಥಿಗಳಿಗೂ ಗೊತ್ತು. ಆದರೆ ಅಳತೆ ಮಿತಿಯನ್ನು ಮೀರಿದಾಗ, ಪಂಪು ಮತ್ತು ಕೆಲಸಗಾರರು ಕಾಯುತ್ತಿರುವಾಗ, ಬಂದ ಲಾರಿಯನ್ನು ಹಿಂದಕ್ಕೆ ಕಳುಹಿಸಬೇಕೆಂದು ಮೇಲಿನವರಿಗೆ ಹೇಳುವುದು ಪ್ರಯೋಗಾಲಯದ ಕೈಪಿಡಿಯಲ್ಲಿ ಇರುವುದಿಲ್ಲ. ಅದೇ ದಿನ ತೆಗೆದ ಘನಗಳನ್ನು 28 ದಿನಗಳ ನಂತರ ಒಡೆದು ನೋಡುವ ಹೊತ್ತಿಗೆ ಆ ಕಾಂಕ್ರೀಟಿನ ಮೇಲೆ ಬೇರೆ ಕೆಲಸ ನಡೆದಿರುತ್ತದೆ. ದಿನಚರಿ ಬರೆಯುವುದು, ನಕ್ಷೆಯ ಇತ್ತೀಚಿನ ಪರಿಷ್ಕರಣೆಯನ್ನೇ ಬಳಸಲಾಗುತ್ತಿದೆಯೇ ಎಂದು ನೋಡುವುದು, ಸರಳುಗಳ ಪಟ್ಟಿಯನ್ನು ಕಟ್ಟಿದ ಸರಳುಗಳೊಂದಿಗೆ ಹೋಲಿಸುವುದು, ಅಪಾಯದ ಅಂದಾಜು ಪತ್ರಗಳನ್ನು ಸಿದ್ಧಪಡಿಸುವುದು ಉಳಿದ ಕೆಲಸಗಳು. ಸ್ಥಳಕ್ಕೆ ಪ್ರವೇಶಿಸುವ ಮುನ್ನ ಆರೋಗ್ಯ ಮತ್ತು ಸುರಕ್ಷತೆಯ ಪರೀಕ್ಷೆಯೊಂದರಲ್ಲಿ ತೇರ್ಗಡೆಯಾಗಿ ಸಿಎಸ್‌ಸಿಎಸ್ ಗುರುತಿನ ಚೀಟಿ ಪಡೆಯುವಂತೆ ಹೆಚ್ಚಿನ ಗುತ್ತಿಗೆದಾರರು ಕೇಳುತ್ತಾರೆ.

ವಿನ್ಯಾಸ ಕಚೇರಿಗೆ ಸೇರಿದವರ ಅನುಭವ ಬೇರೆ: ಲೆಕ್ಕ, ಗಣಕ ಮಾದರಿ, ನಕ್ಷೆ, ಪರಿಶೀಲನೆ. ತಾವು ಮಾಡಿದ ಲೆಕ್ಕವನ್ನು ಮತ್ತೊಬ್ಬ ಎಂಜಿನಿಯರ್ ಸಾಲುಸಾಲಾಗಿ ಪರಿಶೀಲಿಸಿ ಸಹಿ ಹಾಕದೆ ಅದು ಹೊರಗೆ ಹೋಗುವುದಿಲ್ಲ ಎಂಬುದು ಅವರಿಗೆ ಮೊದಲ ಪಾಠ. ನೆಟ್‌ವರ್ಕ್ ರೈಲ್‌ನಂತಹ ಸಾರ್ವಜನಿಕ ಸಂಸ್ಥೆಗಳಲ್ಲಿಯೂ ಸ್ಥಳೀಯ ಆಡಳಿತಗಳಲ್ಲಿಯೂ ಹಳೆಯ ಸೇತುವೆ, ರಸ್ತೆ, ಚರಂಡಿಗಳ ನಿರ್ವಹಣೆ ಮುಖ್ಯವಾಗಿರುತ್ತದೆ; ಹೊಸದನ್ನು ಕಟ್ಟುವ ಕನಸಿನಿಂದ ಬಂದವರಿಗೆ ಇದು ನೀರಸವೆನಿಸಿದರೂ ಈ ವೃತ್ತಿಯ ದೊಡ್ಡ ಪಾಲು ಇದೇ ಆಗಿದೆ.

ವಿಶ್ವವಿದ್ಯಾಲಯ ಈ ಅವಧಿಯಲ್ಲಿ ವಿದ್ಯಾರ್ಥಿಯನ್ನು ಪೂರ್ತಿ ಕೈಬಿಡುವುದಿಲ್ಲ. ಅಧ್ಯಾಪಕರೊಬ್ಬರು ಭೇಟಿ ನೀಡುತ್ತಾರೆ ಅಥವಾ ಮಾತನಾಡಿಸುತ್ತಾರೆ. ವರ್ಷದ ಕೊನೆಗೆ ವರದಿ ಸಲ್ಲಿಸಬೇಕಾಗುತ್ತದೆ. ಲಫ್ಬರೊ ವಿಶ್ವವಿದ್ಯಾಲಯ ಈ ವರ್ಷಕ್ಕಾಗಿ ಪ್ರತ್ಯೇಕ ಡಿಪ್ಲೊಮಾ ನೀಡುತ್ತದೆ.

ಐಚ್ಛಿಕತೆಯ ಅರ್ಥ

ಐಚ್ಛಿಕ ಎಂಬ ಮಾತಿಗೆ ವಿದ್ಯಾರ್ಥಿ ಬಯಸಿದರೆ ಕೆಲಸ ಸಿಗುತ್ತದೆ ಎಂದು ಅರ್ಥವಲ್ಲ. ಸಾಮಾನ್ಯವಾಗಿ ಕೆಲಸವನ್ನು ವಿದ್ಯಾರ್ಥಿಯೇ ಹುಡುಕಿಕೊಳ್ಳಬೇಕು. ವಿಶ್ವವಿದ್ಯಾಲಯದ ಕಚೇರಿ ಖಾಲಿ ಸ್ಥಾನಗಳ ಮಾಹಿತಿ ನೀಡಿ, ಅರ್ಜಿ ಮತ್ತು ಸಂದರ್ಶನಕ್ಕೆ ಸಿದ್ಧಗೊಳಿಸುತ್ತದೆ. ಆಯ್ಕೆ ಮಾತ್ರ ಕಂಪನಿಯದು. ದೊಡ್ಡ ಸಂಸ್ಥೆಗಳು ಎರಡನೆಯ ವರ್ಷದ ಆರಂಭದಲ್ಲಿಯೇ ಅರ್ಜಿ ಕರೆಯುವುದರಿಂದ, ಮೊದಲ ವರ್ಷದ ಅಂಕಗಳಷ್ಟೇ ಕೈಯಲ್ಲಿರುವಾಗ ಈ ನಿರ್ಧಾರ ಮಾಡಬೇಕಾಗುತ್ತದೆ. ಸ್ಥಾನ ಸಿಗದವರನ್ನು ತರಬೇತಿಯಿಲ್ಲದ ಪದವಿಗೆ ವರ್ಗಾಯಿಸಲಾಗುತ್ತದೆ. ನಿರ್ಮಾಣ ಉದ್ಯಮ ಆರ್ಥಿಕ ಏರಿಳಿತಕ್ಕೆ ಬಹುಬೇಗ ಒಳಗಾಗುವಂಥದು; 2008ರಂತಹ ಹಿಂಜರಿತದ ವರ್ಷಗಳಲ್ಲಿ ಕಂಪನಿಗಳು ಮೊದಲು ಕೈಬಿಡುವುದು ಇಂಥ ತಾತ್ಕಾಲಿಕ ಸ್ಥಾನಗಳನ್ನೇ. ಮನೆಯಲ್ಲಿ ಅಥವಾ ಪರಿಚಯದಲ್ಲಿ ಈ ವೃತ್ತಿಯವರು ಇರುವ ವಿದ್ಯಾರ್ಥಿಗೆ ಬಾಗಿಲು ಬೇಗ ತೆರೆಯುತ್ತದೆ ಎಂಬ ಆಕ್ಷೇಪವೂ ಈ ಕ್ರಮದ ಮೇಲಿದೆ.

ಹೋಗದಿರುವುದಕ್ಕೂ ಸಕಾರಣಗಳಿವೆ. ಸಹಪಾಠಿಗಳು ಒಂದು ವರ್ಷ ಮುಂದೆ ಹೋಗಿಬಿಡುತ್ತಾರೆ; ವರ್ಷವಿಡೀ ಬಳಸದ ಗಣಿತ ಮಸುಕಾಗುತ್ತದೆ; ವಾಸಸ್ಥಳವನ್ನು ಬದಲಿಸಬೇಕಾಗಬಹುದು. ಬೇಸಿಗೆ ರಜೆಯಲ್ಲಿ ಎಂಟು ಹತ್ತು ವಾರ ಕೆಲಸ ಮಾಡುವುದು ಹಲವರ ಮಧ್ಯಮಮಾರ್ಗ. ಆದರೆ ಅಷ್ಟು ಅವಧಿಯಲ್ಲಿ ಒಂದು ಕಾಮಗಾರಿಯ ತುಣುಕನ್ನು ಮಾತ್ರ ನೋಡಲು ಸಾಧ್ಯ. ಅಗೆತದಿಂದ ಮೇಲ್ಚಾವಣಿಯವರೆಗೆ, ಮಳೆಗಾಲ ಚಳಿಗಾಲಗಳೆರಡರಲ್ಲೂ ಒಂದು ಕೆಲಸ ಹೇಗೆ ಸಾಗುತ್ತದೆ, ಎಲ್ಲಿ ತಡವಾಗುತ್ತದೆ ಎಂಬುದನ್ನು ಕಾಣಲು ವರ್ಷವೇ ಬೇಕು. ಇವೆರಡರ ನಡುವಿನ ಇನ್ನೊಂದು ಪ್ರಯತ್ನ ನಾರ್ಫೋಕ್ ಪ್ರಾಂತದ ಬರ್ಚಮ್ ನ್ಯೂಟನ್‌ನಲ್ಲಿ ಆರಂಭವಾದ 'ಕನ್‌ಸ್ಟ್ರಕ್ಷನೇರಿಯಂ'. ಅಲ್ಲಿ ವಿದ್ಯಾರ್ಥಿಗಳು ಪ್ರಸಿದ್ಧ ಸೇತುವೆ, ಕಟ್ಟಡಗಳ ಕಿರಿದಾದ ಪ್ರತಿರೂಪಗಳನ್ನು ಒಂದು ವಾರದಲ್ಲಿ ತಾವೇ ಕಟ್ಟುತ್ತಾರೆ.

ಶುಲ್ಕ ಮತ್ತು ಸಂಬಳ

ಇಂಗ್ಲೆಂಡಿನಲ್ಲಿ ಸ್ವದೇಶಿ ವಿದ್ಯಾರ್ಥಿಗಳಿಂದ ತರಬೇತಿ ವರ್ಷಕ್ಕೆ ಗರಿಷ್ಠ ವಾರ್ಷಿಕ ಶುಲ್ಕದ 20 ಶೇಕಡಾವನ್ನು ಮೀರಿ ಪಡೆಯುವಂತಿಲ್ಲ. ವಾರ್ಷಿಕ ಶುಲ್ಕ 9,250 ಪೌಂಡ್ ಇದ್ದಾಗ ಈ ಮಿತಿ 1,850 ಪೌಂಡ್ ಆಗಿತ್ತು. ಪದವಿಯ ಭಾಗವಾಗಿ ಒಂದು ವರ್ಷದವರೆಗೆ ಕೆಲಸ ಮಾಡುವ ವಿದ್ಯಾರ್ಥಿಗಳಿಗೆ ಕನಿಷ್ಠ ವೇತನ ಕಾನೂನು ಅನ್ವಯಿಸುವುದಿಲ್ಲ. ಆದರೂ ಸಿವಿಲ್ ಎಂಜಿನಿಯರಿಂಗ್ ಕಂಪನಿಗಳು ಸಂಬಳ ಕೊಡುವುದೇ ರೂಢಿ.

ವಿದೇಶಿ ವಿದ್ಯಾರ್ಥಿಗಳು

ಭಾರತದಿಂದ ಹೋದವರಿಗೆ ಇದು ಎಚ್ಚರಿಕೆಯಿಂದ ನೋಡಬೇಕಾದ ಭಾಗ. ವಿದ್ಯಾರ್ಥಿ ವೀಸಾದಲ್ಲಿರುವವರು ತರಗತಿ ನಡೆಯುವ ಅವಧಿಯಲ್ಲಿ ವಾರಕ್ಕೆ 20 ಗಂಟೆಗಿಂತ ಹೆಚ್ಚು ಕೆಲಸ ಮಾಡುವಂತಿಲ್ಲ. ತರಬೇತಿಯು ಪದವಿಯ ಅವಿಭಾಜ್ಯ ಅಂಗವಾಗಿದ್ದು ಮೌಲ್ಯಮಾಪನಕ್ಕೆ ಒಳಪಟ್ಟಿದ್ದರೆ ಮಾತ್ರ ಪೂರ್ಣಾವಧಿ ಕೆಲಸಕ್ಕೆ ಅವಕಾಶ. ಆದ್ದರಿಂದ ವಿದ್ಯಾರ್ಥಿ ತಾನೇ ಒಂದು ಕೆಲಸ ಹುಡುಕಿಕೊಂಡು ವರ್ಷದ ರಜೆ ಹಾಕಿ ಹೋಗಲಾಗದು. ಪ್ರವೇಶ ಪಡೆಯುವಾಗಲೇ ತರಬೇತಿ ಸಹಿತ ಪದವಿಗೆ ಸೇರಿದ್ದರೆ ವೀಸಾ ಪೂರ್ಣ ಅವಧಿಗೆ ದೊರೆಯುತ್ತದೆ. ನಡುವೆ ಬದಲಿಸಿಕೊಂಡರೆ ಹೆಚ್ಚುವರಿ ವರ್ಷಕ್ಕಾಗಿ ಹೊಸದಾಗಿ ಅರ್ಜಿ ಹಾಕಬೇಕು. ಆಗ ವೀಸಾ ಶುಲ್ಕದ ಜೊತೆಗೆ ಆರೋಗ್ಯ ಸೇವೆಯ ಮೇಲ್ತೆರಿಗೆಯೂ ಸೇರುತ್ತದೆ. 2024ರಲ್ಲಿ ವಿದ್ಯಾರ್ಥಿಗಳಿಗೆ ಇದು ವರ್ಷಕ್ಕೆ 776 ಪೌಂಡ್‌ಗೆ ಏರಿತು. 20 ಶೇಕಡಾ ಶುಲ್ಕದ ಮಿತಿ ಇವರಿಗೆ ಅನ್ವಯಿಸದು. ವಿದೇಶಿಯರ ಶುಲ್ಕವನ್ನು ಆಯಾ ವಿಶ್ವವಿದ್ಯಾಲಯ ನಿಗದಿಪಡಿಸುತ್ತದೆ. ಇದಲ್ಲದೆ ರೈಲ್ವೆ, ರಕ್ಷಣೆ, ಪರಮಾಣು ಕ್ಷೇತ್ರಗಳ ಕೆಲವು ಕಾಮಗಾರಿಗಳಲ್ಲಿ ಭದ್ರತಾ ತಪಾಸಣೆಯ ಕಾರಣ ವಿದೇಶಿ ವಿದ್ಯಾರ್ಥಿಗಳಿಗೆ ಅವಕಾಶ ಕಡಿಮೆ.

ವೃತ್ತಿಪರ ಮನ್ನಣೆ

ಸಿವಿಲ್ ಎಂಜಿನಿಯರಿಂಗ್ ಪದವಿಗಳನ್ನು ಐಸಿಇ ಮತ್ತು ಸೋದರ ಸಂಸ್ಥೆಗಳ ಜಂಟಿ ಮಂಡಳಿ ಪರಿಶೀಲಿಸಿ ಮಾನ್ಯ ಮಾಡುತ್ತದೆ. ಚಾರ್ಟರ್ಡ್ ಎಂಜಿನಿಯರ್ ಆಗಲು ಮಾನ್ಯತೆಯುಳ್ಳ ಎಂ.ಎಂಜ್. ಅಥವಾ ಬಿ.ಎಂಜ್. ಆನರ್ಸ್‌ನ ಮೇಲೆ ಸ್ನಾತಕೋತ್ತರ ಮಟ್ಟದ ಕಲಿಕೆ ಬೇಕು. ಆ ಬಳಿಕ ವೃತ್ತಿಯಲ್ಲಿ ತರಬೇತಿಯ ಅವಧಿ, ಕೊನೆಗೆ ಹಿರಿಯ ಎಂಜಿನಿಯರುಗಳು ನಡೆಸುವ ವೃತ್ತಿಪರ ಸಂದರ್ಶನ. ಉದ್ಯಮ ವರ್ಷದಲ್ಲಿ ಗಳಿಸಿದ ಅನುಭವವನ್ನು ಕ್ರಮಬದ್ಧವಾಗಿ ದಾಖಲಿಸಿದ್ದರೆ ಅದನ್ನು ಈ ಅವಧಿಯಲ್ಲಿ ಪುರಾವೆಯಾಗಿ ತೋರಿಸಬಹುದು. ದಾಖಲೆಯಿಲ್ಲದ ಅನುಭವ ಲೆಕ್ಕಕ್ಕೆ ಬರುವುದು ಕಷ್ಟ.

ಕರ್ನಾಟಕದೊಂದಿಗೆ ಹೋಲಿಕೆ

ಮೈಸೂರು ಸಂಸ್ಥಾನದಲ್ಲಿ 1917ರಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕಾಲೇಜನ್ನು ಸ್ಥಾಪಿಸಿದರು. ಅದು ಇಂದಿನ ಯುವಿಸಿಇ. ರಾಜ್ಯದ ಬಹುತೇಕ ಎಂಜಿನಿಯರಿಂಗ್ ಕಾಲೇಜುಗಳು 1998ರಲ್ಲಿ ಸ್ಥಾಪನೆಯಾದ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ (ವಿಟಿಯು) ಸೇರಿವೆ. ಇಲ್ಲಿ ಬಿ.ಇ. ಪದವಿ ನಾಲ್ಕು ವರ್ಷಗಳದು. ಇಂಟರ್ನ್‌ಶಿಪ್ ಐಚ್ಛಿಕವಲ್ಲ, ಪಠ್ಯಕ್ರಮದ ಕಡ್ಡಾಯ ಭಾಗ. ಅದು ಪದವಿಯ ಅವಧಿಯೊಳಗೇ ಮುಗಿಯುತ್ತದೆ, ಹೆಚ್ಚುವರಿ ವರ್ಷ ಸೇರುವುದಿಲ್ಲ. ಇಡೀ ತರಗತಿ ಒಟ್ಟಿಗೆ ಸ್ಥಾನ ಹುಡುಕಬೇಕಾಗುವುದರಿಂದ ಸಂಬಳವಿಲ್ಲದ ಕೆಲಸಕ್ಕೂ ಪ್ರಮಾಣಪತ್ರಕ್ಕಷ್ಟೇ ಸೀಮಿತವಾದ ತರಬೇತಿಗೂ ವಿದ್ಯಾರ್ಥಿಗಳು ಒಪ್ಪಿಕೊಳ್ಳುವುದುಂಟು.

ಸಿವಿಲ್ ವಿಭಾಗಕ್ಕೆ ಇಲ್ಲಿ ಮತ್ತೊಂದು ವಿಶಿಷ್ಟ ಪದ್ಧತಿಯಿದೆ: ಸರ್ವೆ ಕ್ಯಾಂಪ್ ಎಂದೇ ಪರಿಚಿತವಾದ ವಿಸ್ತೃತ ಮೋಜಣಿ. ಇಡೀ ತರಗತಿ ಊರಿನಾಚೆ ಬೀಡುಬಿಟ್ಟು ಹೊಸ ಕೆರೆಯ ನಿರ್ಮಾಣ, ಹಳೆಯ ಕೆರೆಯ ಪುನಶ್ಚೇತನ, ಹೆದ್ದಾರಿ, ಕುಡಿಯುವ ನೀರು ಪೂರೈಕೆಯಂತಹ ಯೋಜನೆಗಳಿಗೆ ಅಳತೆ ತೆಗೆದು, ಹಿಂದಿರುಗಿ ನಕ್ಷೆ ಮತ್ತು ಅಂದಾಜನ್ನು ತಯಾರಿಸುತ್ತದೆ. ಕೆರೆಗಳ ನಾಡಿಗೆ ಹೊಂದುವ ಈ ಅಭ್ಯಾಸಕ್ಕೆ ಸ್ಥಾನ ಹುಡುಕುವ ಸ್ಪರ್ಧೆಯಿಲ್ಲ. ಅದು ಪ್ರತಿಯೊಬ್ಬರಿಗೂ ದೊರೆಯುತ್ತದೆ.

ಎರಡು ದೇಶಗಳ ಪದವಿಗಳ ನಡುವೆ ಸೇತುವೆಯಾಗಿರುವುದು 1989ರ ವಾಷಿಂಗ್ಟನ್ ಒಪ್ಪಂದ. ಬ್ರಿಟನ್ ಅದರ ಮೂಲ ಸಹಿದಾರ ದೇಶಗಳಲ್ಲೊಂದು. ಭಾರತ 2014ರಲ್ಲಿ ಕಾಯಂ ಸದಸ್ಯತ್ವ ಪಡೆಯಿತು. ಭಾರತದ ರಾಷ್ಟ್ರೀಯ ಮಾನ್ಯತಾ ಮಂಡಳಿಯ ಟಯರ್-1 ಮಾನ್ಯತೆಯುಳ್ಳ ಪದವಿಗಳಿಗೆ ಈ ಒಪ್ಪಂದ ಅನ್ವಯಿಸುತ್ತದೆ. ಕಾಲೇಜಿನ ಇತರ ಯಾವುದೇ ಮಾನ್ಯತೆ ಇದಕ್ಕೆ ಸಾಲದು.