ಮುಚ್ಚಳದ ಕೆಳಗೆ ಕಾರ್ಬೇಟರೋ, ಇಂಜೆಕ್ಷನ್ನೋ?

ಮೈಸೂರಿನ ಸರಸ್ವತಿಪುರಂನ ನಮ್ಮ ಅಡ್ಡರಸ್ತೆಯ ಗ್ಯಾರೇಜಿಗೆ ಒಂದು ಮಧ್ಯಾಹ್ನ ದೋಣಿಯ ಎಂಜಿನ್ ಬಂದಿಳಿಯಿತು. ಬೈಕು, ಸ್ಕೂಟರುಗಳ ಗ್ಯಾರೇಜು ಅದು. ತಂದವರು ಎಲ್ಲಿಂದಲೋ ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡಿದ್ದರು, ಒಳಗಿರುವುದು ಕಾರ್ಬುರೇಟರೋ ಇಂಜೆಕ್ಷನ್ನೋ ಎಂಬುದೇ ಅವರಿಗೆ ತಿಳಿಯದು. ಮೆಕ್ಯಾನಿಕ್ ಮುಚ್ಚಳವನ್ನು ಮುಟ್ಟಲೂ ಇಲ್ಲ. "ಹಗ್ಗ ಎಳೆದು ಸ್ಟಾರ್ಟ್ ಮಾಡೋದು ಅಲ್ವಾ ಸಾರ್, ಬ್ಯಾಟರಿನೇ ಇಲ್ಲ. ಕಾರ್ಬೇಟರೇ" ಎಂದುಬಿಟ್ಟ. ಮುಚ್ಚಳ ತೆಗೆದರೆ ಒಳಗೆ ಇಂಜೆಕ್ಟರ್ ಕುಳಿತಿತ್ತು.

ಅವನನ್ನು ದೂರುವಂತಿಲ್ಲ. ಅವನು ಹೇಳಿದ ಗುರುತು ಬಹುಕಾಲ ಸರಿಯಾಗಿಯೇ ಇತ್ತು. ಎಂಜಿನ್ನಿಗೆ ಇಂಧನ ಉಣಿಸುವ ಬಗೆ ಬದಲಾದಾಗಲೆಲ್ಲ ಹೊರಗಿನಿಂದ ಅದನ್ನು ಗುರುತಿಸುವ ಬಗೆಯೂ ಬದಲಾಗಿದೆ. ಆದರೆ ಗುರುತುಗಳು ಹಳಸಿದ ಸುದ್ದಿ ಗ್ಯಾರೇಜುಗಳಿಗೆ ತಡವಾಗಿ ಮುಟ್ಟುತ್ತದೆ.

ಫ್ಲೋಟ್ ಇರುವ ತುಂತುರು ಕಾರ್ಬುರೇಟರ್ ಹುಟ್ಟಿದ್ದು 1893ರ ಸುಮಾರಿಗೆ, ಜರ್ಮನಿಯ ವಿಲ್ಹೆಲ್ಮ್ ಮೇಬಾಖ್ ಮತ್ತು ಹಂಗೇರಿಯ ಬಾಂಕಿ, ಚೊಂಕಾ ಜೋಡಿಯ ಕೈಯಲ್ಲಿ. ಉಪಾಯ ಸರಳ. ಇಕ್ಕಟ್ಟಾದ ದಾರಿಯಲ್ಲಿ ಗಾಳಿ ನುಗ್ಗುವಾಗ ಅದರ ಒತ್ತಡ ಇಳಿಯುತ್ತದೆ. ಬಟ್ಟಲಿನಲ್ಲಿರುವ ಪೆಟ್ರೋಲು ಜೆಟ್ಟಿನ ಸಣ್ಣ ತೂತಿನಿಂದ ಮೇಲೇರಿ ಗಾಳಿಯಲ್ಲಿ ಬೆರೆಯುತ್ತದೆ. ಬಟ್ಟಲಿನ ಮಟ್ಟ ಕಾಯಲು ತೇಲುವ ಫ್ಲೋಟ್, ಮನೆಯ ನೀರಿನ ತೊಟ್ಟಿಯಲ್ಲಿರುವಂತೆಯೇ. ವಿದ್ಯುತ್ತು ಬೇಡ, ಲೆಕ್ಕಾಚಾರ ಬೇಡ. ಆದರೆ ಅದಕ್ಕೆ ಊರು, ಹವೆ ಗೊತ್ತಾಗುವುದಿಲ್ಲ. ಮಲ್ಪೆಯ ಕಡಲತೀರದಲ್ಲಿ ಹದ ಮಾಡಿದ ಕಾರ್ಬುರೇಟರನ್ನು ಸುಮಾರು 760 ಮೀಟರ್ ಎತ್ತರದ ಮೈಸೂರಿಗೆ ತಂದರೆ, ಗಾಳಿ ತೆಳುವಾಗಿರುವುದರಿಂದ ಪೆಟ್ರೋಲಿನ ಪಾಲು ಕೊಂಚ ಹೆಚ್ಚಾಗುತ್ತದೆ.

ಮೈಸೂರಿನವರಿಗೆ ಕಾರ್ಬುರೇಟರ್ ಎಂದರೆ ಮೊದಲು ನೆನಪಾಗುವುದು ಜಾವಾ. ಸರಸ್ವತಿಪುರಂನಿಂದ ದೂರವೇನಲ್ಲದ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಬೈಕು ತಯಾರಿಸತೊಡಗಿತು; ಎಪ್ಪತ್ತರ ದಶಕದಲ್ಲಿ ಅದೇ ಗಾಡಿಗಳು ಯೆಜ್ಡಿಗಳಾದವು; 1996ರಲ್ಲಿ ಬಾಗಿಲು ಮುಚ್ಚಿತು. ಆ ಗಾಡಿಗಳ ಜಿಕೋವ್ ಕಾರ್ಬುರೇಟರಿನ ಮೇಲೊಂದು ಪುಟ್ಟ ಗುಂಡಿ, ಟಿಕ್ಲರ್. ಚಳಿಯ ಬೆಳಗ್ಗೆ ಪೆಟ್ರೋಲು ಜಿನುಗುವ ತನಕ ಅದನ್ನು ಒತ್ತಿ, ಬೆರಳು ಒದ್ದೆಯಾದ ಮೇಲೆ ಕಿಕ್ ಹೊಡೆಯುವುದು. ಎಂಜಿನ್ ಯಾವ ಬಗೆಯದೆಂದು ಆಗ ಯಾರೂ ಕೇಳುತ್ತಿರಲಿಲ್ಲ, ನಮ್ಮ ಬೈಕುಗಳಲ್ಲಿ ಬೇರೆ ಬಗೆಯೇ ಇರಲಿಲ್ಲವಲ್ಲ. ಜುಲೈ ತಿಂಗಳ ಎರಡನೆಯ ಭಾನುವಾರ, ಜಾವಾ ದಿನದಂದು, ಹಳೆಯ ಗಾಡಿಗಳು ಸೇರಿದಲ್ಲಿ ಹೋಗಿ ನಿಂತರೆ ಆ ಪೆಟ್ರೋಲಿನ ವಾಸನೆ ಈಗಲೂ ಸಿಗುತ್ತದೆ. ನನಗೆ ಅದು ಇಷ್ಟ. ಪಕ್ಕದಲ್ಲಿ ನಿಂತವರಿಗೆ ಇಷ್ಟವಾಗದಿದ್ದರೂ ಆಶ್ಚರ್ಯವಿಲ್ಲ.

ಅಷ್ಟರಲ್ಲಿ ಹೊರದೇಶಗಳಲ್ಲಿ, ಇಂಧನವನ್ನು ಒತ್ತಡದಿಂದ ಸಿಂಪಡಿಸುವ ಇಂಜೆಕ್ಷನ್ ಬೆಳೆಯುತ್ತಿತ್ತು. ಡೀಸೆಲ್ ಎಂಜಿನ್ನುಗಳಿಗೆ ಅದು ಹುಟ್ಟುಗುಣ. ಮಲ್ಪೆ, ಮಂಗಳೂರಿನ ಟ್ರಾಲ್ ಬೋಟುಗಳು ಡೀಸೆಲ್ಲಿನವಾದ್ದರಿಂದ ಅಲ್ಲಿ ನಮ್ಮ ಪ್ರಶ್ನೆಯೇ ಏಳುವುದಿಲ್ಲ. ನಾಲ್ಕು ಸ್ಟ್ರೋಕಿನ ಪೆಟ್ರೋಲು ಕಾರುಗಳಲ್ಲಿ 1954ರ ಮರ್ಸಿಡಿಸ್ 300 ಎಸ್‌ಎಲ್ ಯಾಂತ್ರಿಕ ಇಂಜೆಕ್ಷನ್ ತಂದಿತು. 1967ರಲ್ಲಿ ಬಾಷ್ ಕಂಪನಿಯ ಡಿ-ಜೆಟ್ರಾನಿಕ್ ಫೋಕ್ಸ್‌ವ್ಯಾಗನ್ನಿನಲ್ಲಿ ಎಲೆಕ್ಟ್ರಾನಿಕ್ ಇಂಜೆಕ್ಷನ್ನನ್ನು ದೊಡ್ಡ ಪ್ರಮಾಣದ ತಯಾರಿಕೆಗೆ ಇಳಿಸಿತು. ನಮ್ಮ ಸಣ್ಣ ಬೈಕುಗಳಿಗೆ ಅದು ತಲುಪಿದ್ದು 2006ರ ಹೀರೋ ಹೋಂಡಾ ಗ್ಲಾಮರ್‌ನಲ್ಲಿ. 2018ರಲ್ಲಿ ಜಾವಾ ಹೆಸರು ಮರಳಿ ಬಂದಾಗ ಅದೂ ಇಂಜೆಕ್ಷನ್ ಗಾಡಿಯೇ, ಮೈಸೂರಿನಲ್ಲಿ ತಯಾರಾದದ್ದಂತೂ ಅಲ್ಲ. 2020ರ ಏಪ್ರಿಲ್ 1ರಿಂದ ಹೊಗೆಯ ಮಿತಿಯ ಬಿಎಸ್-6 ನಿಯಮ ಬಂದು ಕಾರ್ಬುರೇಟರನ್ನು ಹೊಸ ಬೈಕುಗಳಿಂದ ಬಹುಪಾಲು ಓಡಿಸಿತು.

ಆಗ ಬೈಕಿನ ಗುರುತುಗಳು ಸಿದ್ಧವಾದವು. ಚೋಕ್ ಇದ್ದರೆ, ಟ್ಯಾಂಕಿನ ಕೆಳಗೆ ರಿಸರ್ವಿಗೆ ತಿರುಗಿಸುವ ನಾಬ್ ಇದ್ದರೆ ಕಾರ್ಬುರೇಟರ್. ಕೀಲಿ ತಿರುಗಿಸಿದಾಗ ಟ್ಯಾಂಕಿನೊಳಗೆ ಎರಡು ಸೆಕೆಂಡು ಪಂಪು ಗುಂಯ್‌ಗುಟ್ಟಿದರೆ, ಮೀಟರಿನಲ್ಲಿ ಎಂಜಿನ್ ಚಿತ್ರದ ಹಳದಿ ದೀಪ ಹತ್ತಿ ಆರಿದರೆ ಇಂಜೆಕ್ಷನ್. ಆಕ್ಸಿಲರೇಟರ್ ಕೇಬಲ್ ಮಾತ್ರ ಏನನ್ನೂ ಹೇಳದು, ಅದು ಎರಡರಲ್ಲೂ ಇರಬಹುದು. ವೈರು ಕಂಡೊಡನೆ ಇಂಜೆಕ್ಷನ್ ಎನ್ನುವುದೂ ಅವಸರ; ಕೆಲವು ಕಾರ್ಬುರೇಟರುಗಳಿಗೂ ಸೆನ್ಸರ್ ಇರುತ್ತದೆ.

ಈ ಗುರುತುಗಳನ್ನು ದೋಣಿಗೆ ಒಯ್ದರೆ ಅರ್ಧಕ್ಕರ್ಧ ಕೈಕೊಡುತ್ತವೆ. ದೋಣಿಯ ಹಿಂಬದಿಗೆ ಹೊರಗಿನಿಂದ ಸಿಕ್ಕಿಸುವ ಔಟ್‌ಬೋರ್ಡ್ ಎಂಜಿನ್ನಿನ ಟ್ಯಾಂಕು ಸಾಮಾನ್ಯವಾಗಿ ದೋಣಿಯಲ್ಲಿ ಬೇರೆಯಾಗಿರುತ್ತದೆ, ಹಾಗಾಗಿ ನಾಬಿನ ಪ್ರಶ್ನೆ ಇಲ್ಲ. ಪೈಪಿನ ನಡುವಿನ ರಬ್ಬರ್ ಬಲ್ಬನ್ನು ಹಿಂಡುವುದು ಎರಡೂ ಬಗೆಗಳಲ್ಲಿ ಇದೆ. ಕರಾವಳಿಯ ನಾಡದೋಣಿಗಳ ಸೀಮೆಎಣ್ಣೆ ಎಂಜಿನ್ನುಗಳದು ಇನ್ನೊಂದು ಲೋಕ: ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ಬದಲಿಸುವುದು. ತಣ್ಣಗಿನ ಎಂಜಿನ್ನಿನಲ್ಲಿ ಸೀಮೆಎಣ್ಣೆ ಸರಿಯಾಗಿ ಆವಿಯಾಗದು. ಎರಡು ಸ್ಟ್ರೋಕಿನ ಈ ಎಂಜಿನ್ನುಗಳಲ್ಲಿ ಕಾರ್ಬುರೇಟರ್ ಇಂದಿಗೂ ಉಳಿದಿದೆ. ಕಡಲ ಮಧ್ಯೆ ಕೆಟ್ಟರೆ ಸ್ಕ್ರೂಡ್ರೈವರಿನಿಂದಲೇ ಬಿಚ್ಚಿ, ಜೆಟ್ ಊದಿ ಮರಳಿ ಕೂರಿಸಬಹುದು ಎಂಬುದು ಸಣ್ಣ ಅನುಕೂಲವಲ್ಲ.

ಹೊರದೇಶದ ಔಟ್‌ಬೋರ್ಡುಗಳನ್ನು ಬದಲಿಸಿದ್ದು ಹೊಗೆಯ ಕಾನೂನು. ಹಳೆಯ ಎರಡು ಸ್ಟ್ರೋಕಿನ ಎಂಜಿನ್ನಿನಲ್ಲಿ ಇಂಧನದ ಸುಮಾರು ಕಾಲು ಭಾಗ ಉರಿಯದೆಯೇ ಹೊರಬಿದ್ದು ನೀರು ಸೇರುತ್ತಿತ್ತು. ಅಮೆರಿಕ 1996ರಲ್ಲಿ ಮಾಡಿದ ನಿಯಮದಂತೆ ಹೊಸ ಎಂಜಿನ್ನುಗಳ ಹೈಡ್ರೋಕಾರ್ಬನ್ 2006ರೊಳಗೆ ಶೇ. 75ರಷ್ಟು ತಗ್ಗಬೇಕಿತ್ತು. 1997ರಲ್ಲಿ ಸುಜುಕಿ ನಾಲ್ಕು ಸ್ಟ್ರೋಕಿನ 60, 70 ಅಶ್ವಶಕ್ತಿಯ ಔಟ್‌ಬೋರ್ಡುಗಳಿಗೆ ಎಲೆಕ್ಟ್ರಾನಿಕ್ ಇಂಜೆಕ್ಷನ್ ಜೋಡಿಸಿತು. ಅದೇ ಕಂಪನಿ 2012ರಲ್ಲಿ 15, 20 ಅಶ್ವಶಕ್ತಿಯ ಎಂಜಿನ್ನುಗಳಲ್ಲಿ ಬ್ಯಾಟರಿ ಬೇಡದ ಇಂಜೆಕ್ಷನ್ ತಂದಿತು; ಹಗ್ಗ ಎಳೆದಾಗ ಹುಟ್ಟುವ ವಿದ್ಯುತ್ತೇ ಪಂಪಿಗೂ ಇಂಜೆಕ್ಟರಿಗೂ ಸಾಕು. ನಮ್ಮ ಮೆಕ್ಯಾನಿಕ್‌ನ ಗುರುತಿಗೆ ಕಾಲ ಮುಗಿದದ್ದು ಇಂಥ ಎಂಜಿನ್ನುಗಳಿಂದಲೇ.

ಹಾಗಾದರೆ ನೋಡುವುದೇನನ್ನು? ಮುಚ್ಚಳ ತೆಗೆದು, ಗಾಳಿ ಒಳಹೋಗುವ ಬಾಯಿಯಿಂದ ಸಿಲಿಂಡರಿನ ಕಡೆಗೆ ಕಣ್ಣಾಡಿಸಬೇಕು. ಕೆಳಗೆ ಬಟ್ಟಲು, ಬಟ್ಟಲಿನಡಿಯಲ್ಲಿ ಇಂಧನ ಇಳಿಸುವ ಸ್ಕ್ರೂ ಇದ್ದು, ಆ ಬಟ್ಟಲು ಗಾಳಿಯ ದಾರಿಗೇ ಅಂಟಿಕೊಂಡಿದ್ದರೆ ಕಾರ್ಬುರೇಟರ್. ಬೆರಳುದ್ದದ ಇಂಜೆಕ್ಟರ್, ಅದರ ತಲೆಗೆ ಎರಡು ವೈರಿನ ಕನೆಕ್ಟರ್, ಒತ್ತಡ ತಡೆಯುವ ಗಟ್ಟಿ ಪೈಪು ಕಂಡರೆ ಇಂಜೆಕ್ಷನ್. ಅಷ್ಟು ಕಂಡ ಮೇಲೆ ಮುಂದಿನ ಅನುಮಾನ ಬೇಡ.

ಆದರೂ ನಮ್ಮ ಮೆಕ್ಯಾನಿಕ್ ಪಟ್ಟು ಬಿಡಲಿಲ್ಲ. ಎಂಜಿನ್ನಿನ ಪಕ್ಕದಲ್ಲಿದ್ದ ಒಂದು ಡಬ್ಬಿ ಬಿಚ್ಚಿದ. ಇಂಧನದ ಆವಿಯನ್ನು ಬೇರ್ಪಡಿಸಿ, ಒತ್ತಡದ ಪಂಪಿಗೆ ಗುಳ್ಳೆಯಿಲ್ಲದ ಪೆಟ್ರೋಲು ಒದಗಿಸುವ ಡಬ್ಬಿ ಅದು. ಒಳಗೆ ಬೆರಳು ಹಾಕಿ ಒಂದು ಫ್ಲೋಟ್ ಎತ್ತಿ ತೋರಿಸಿದ. "ಇದೇನು ಸಾರ್ ಮತ್ತೆ?" ಎಂದ.