ಹಂಸಪಾದ ಮತ್ತು ಒಂದು ‘ಇರಲಿ’

ಕೆಲಸದ ಶುರುವಿನಲ್ಲೇ ಎಡವಟ್ಟಾದರೆ ‘ಆದಿಯಲ್ಲೇ ಹಂಸಪಾದ’ ಅನ್ನುತ್ತೇವಲ್ಲ, ಆ ಹಂಸಪಾದ ಮೂಲತಃ ಬರಹ ತಿದ್ದುವ ಗುರುತು. ಹಸ್ತಪ್ರತಿಯಲ್ಲಿ ಅಕ್ಷರ ಬಿಟ್ಟುಹೋದರೆ ಲಿಪಿಕಾರರು ಆ ಜಾಗದಲ್ಲಿ ಹಕ್ಕಿಯ ಹೆಜ್ಜೆಯಂಥ ಗುರುತು ಹಾಕಿ, ಬಿಟ್ಟದ್ದನ್ನು ಸಾಲಿನ ಮೇಲೋ ಅಂಚಿನಲ್ಲೋ ಬರೆಯುತ್ತಿದ್ದರು. ಸಂಸ್ಕೃತದಲ್ಲಿ ಇದಕ್ಕೆ ಕಾಕಪದ ಅಂತಲೂ ಹೆಸರಿದೆ. ಹಂಸವೋ ಕಾಗೆಯೋ, ಅಂತೂ ಹಕ್ಕಿಯ ಕಾಲೇ!

ಮಿಕ್ಕ ಗುರುತುಗಳು ಅಚ್ಚಿನ ಜೊತೆ ಯುರೋಪಿನಿಂದ ಬಂದವು. 1608ರಲ್ಲೇ ಜರ್ಮನಿಯ ಲೈಪ್‌ಜಿಗ್‌ನಲ್ಲಿ ಹಾರ್ನ್‌ಶುಖ್ ಎಂಬಾತ ಪ್ರೂಫ್ ತಿದ್ದುವವರಿಗೆಂದೇ ಲ್ಯಾಟಿನ್‌ನಲ್ಲಿ ಕೈಪಿಡಿ ಬರೆದಿದ್ದ. ‘ತೆಗೆದುಹಾಕು’ ಅನ್ನಲು ಹಾಕುವ ಸುರುಳಿ ಲ್ಯಾಟಿನ್ ಪದವೊಂದರ ‘ಡಿ’ ಅಕ್ಷರ. ಹೊಡೆದದ್ದನ್ನು ಉಳಿಸಬೇಕಾದರೆ ಅದರ ಕೆಳಗೆ ಚುಕ್ಕಿಗಳು, ಅಂಚಿನಲ್ಲಿ ‘ಸ್ಟೆಟ್’. ಅಂದರೆ ‘ಇರಲಿ’.

ಐಎಸ್‌ಐ ಅಂದರೆ ಕುಕ್ಕರು, ಹೆಲ್ಮೆಟ್ಟಿನ ಮೇಲಿನ ಮುದ್ರೆ ಅಂತಷ್ಟೇ ನನಗೆ ಗೊತ್ತಿದ್ದದ್ದು. 1958ರಲ್ಲಿ ಅದೇ ಸಂಸ್ಥೆ ಪ್ರೂಫ್ ತಿದ್ದುವ ಗುರುತುಗಳಿಗೂ ಒಂದು ಮಾನಕ ತಂದಿತ್ತು, ಐಎಸ್ 1250 ಅಂತ. 1987ರಲ್ಲಿ ಅದು ಬಿಐಎಸ್ ಆಯಿತು. ಅದರ ಕಚೇರಿ ಮಾನಕ್ ಭವನ ಇರುವುದು ಇಲ್ಲೇ ದೆಹಲಿಯಲ್ಲಿ, ಪತ್ರಿಕಾ ಕಚೇರಿಗಳ ಸಾಲಿರುವ ಬಹಾದುರ್ ಶಾ ಜಫರ್ ಮಾರ್ಗದಲ್ಲಿ.

ಇದೆಲ್ಲ ನನಗೆ 1996ರಲ್ಲೇ ಗೊತ್ತಿದ್ದರೆ! ಆ ವರ್ಷ ಇಲ್ಲಿನ ನಮ್ಮ ಕನ್ನಡಿಗರ ಸ್ಮರಣ ಸಂಚಿಕೆಯ ಪ್ರೂಫ್ ನನ್ನ ಪಾಲಿಗೆ ಬಂತು. ನಾರಾಯಣಾದ ಪ್ರೆಸ್ಸಿನಲ್ಲಿ ಟೈಪು ಮಾಡುವ ಹುಡುಗನಿಗೆ ಕನ್ನಡ ಬಾರದು. ಅಕ್ಷರದ ಆಕಾರ ನೋಡಿ, ಕೀಲಿಗಳ ಪಟ್ಟಿಗೆ ಹೋಲಿಸಿ ಒತ್ತುತ್ತಿದ್ದ. ತೀರಿಕೊಂಡವರ ಪಟ್ಟಿಯಲ್ಲಿ ಒಂದೇ ಹೆಸರು ಎರಡು ಸಲ ಬಂದಿತ್ತು. ಒಂದನ್ನು ಹೊಡೆದೆ. ಆಮೇಲೆ ತಿಳಿಯಿತು, ಆ ಹೆಸರಿನವರು ಇಬ್ಬರು. ಪಕ್ಕದಲ್ಲಿ ಕನ್ನಡದಲ್ಲೇ ‘ಇರಲಿ’ ಅಂತ ಬರೆದು ಕಳಿಸಿದೆ.

ಹುಡುಗ ಹೇಳಿದಷ್ಟೇ ಮಾಡಿದ. ಹೊಡೆದ ಹೆಸರು ಹೋಯಿತು, ಅದರ ಜಾಗದಲ್ಲಿ ‘ಇರಲಿ’ ಅಂತ ಅಚ್ಚಾಯಿತು. ಸಮಾರಂಭದಲ್ಲಿ ಆ ತಾಯಿಯ ಮಗ ಪುಟ ತೆರೆದು ಸುಮ್ಮನೆ ನೋಡುತ್ತ ಕೂತರು. ನಾನು ಹತ್ತಿರ ಹೋಗಿ ಕ್ಷಮೆ ಕೇಳಿದಾಗ, “ಇರಲಿ ಬಿಡಿ ಸಾರ್” ಅಂದರು. ಆ ಮಾತು ಕೇಳಿ ನಾನು ಇನ್ನಷ್ಟು ಕುಗ್ಗಿಹೋದೆ.

ನಿಜ, ಆ ಮಾನಕ ಕನ್ನಡಕ್ಕೆ ಪೂರ್ತಿ ಒಗ್ಗುವುದಿಲ್ಲ. ನಮಗೆ ದೊಡ್ಡಕ್ಷರ-ಚಿಕ್ಕಕ್ಷರದ ಗೊಡವೆಯಿಲ್ಲ. ಒತ್ತಕ್ಷರ ತಪ್ಪಿದರೆ ಇಡೀ ಅಕ್ಷರವನ್ನೇ ಹೊಡೆದು ಬರೆಯುವುದು ಕ್ಷೇಮ. ಆದರೆ ತಿದ್ದುವವನ ಭಾಷೆ ಜೋಡಿಸುವವನಿಗೆ ಬಾರದಿದ್ದಾಗ ಇಬ್ಬರ ನಡುವೆ ಉಳಿಯುವ ಭಾಷೆ ಆ ಗುರುತುಗಳೇ. ಅವನಿಗೆ ಅವು ಗೊತ್ತಿದ್ದವು, ಗೊತ್ತಿಲ್ಲದವನು ನಾನು. ನಾಲ್ಕು ಚುಕ್ಕಿ ಇಟ್ಟಿದ್ದರೆ ಆ ತಾಯಿಯ ಹೆಸರು ಉಳಿಯುತ್ತಿತ್ತು.